ನಾನು ತೆಗೆದುಕೊಳ್ಳದ ಸಾಲ ನನ್ನ ಪ್ಯಾನ್‌ನಲ್ಲಿದೆ, ಮನೆ ಸಾಲ ನಿಂತುಹೋಗಿದೆ. ಕಟ್ಟಿ ಮುಗಿಸಿಬಿಡಲಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮನೆಗೆ ಅಡ್ವಾನ್ಸ್ ಕೊಟ್ಟು ಕ್ರಯದ ಕರಾರು ಮಾಡಿಕೊಂಡಿದ್ದೀರಿ. ಬ್ಯಾಂಕಿನವರು ಸಿಬಿಲ್ (ನಿಮ್ಮ ಸಾಲಗಳ ಚರಿತ್ರೆಯ ವರದಿ) ತೆಗೆದಾಗ ನೀವು ಪಡೆಯದ 38 ಸಾವಿರದ ಸಾಲ ಕಾಣಿಸಿದೆ, ಏಳು ಕಂತು ಬಾಕಿ. ಗಾಬರಿಯಲ್ಲಿ ಆದಾಯ ತೆರಿಗೆಯ ಎಐಎಸ್ (ನಿಮ್ಮ ಪ್ಯಾನ್‌ಗೆ ದಾಖಲಾದ ಆದಾಯ, ವಹಿವಾಟುಗಳ ವಾರ್ಷಿಕ ಪಟ್ಟಿ) ನೋಡಿದರೆ ಗೊತ್ತೇ ಇಲ್ಲದ ಕಂಪನಿ ನಿಮಗೆ ಸಂಬಳ ಕೊಟ್ಟಿದೆ ಅಂತಿದೆ. ಒಬ್ಬ ಏಜೆಂಟ್ 20 ಸಾವಿರ ಕೊಟ್ಟರೆ ಎಲ್ಲ ಅಳಿಸಿಕೊಡುತ್ತೇನೆ ಅಂದಿದ್ದಾನೆ. ಮನೆ ಕೈತಪ್ಪುವ ಬದಲು ಸಾಲ ಕಟ್ಟಿಬಿಡಲಾ ಅಂತ ಕೇಳಿದ್ದೀರಿ.

ದಯವಿಟ್ಟು ಕಟ್ಟಬೇಡಿ. ಸಾಲ ಕೊಟ್ಟವರಿಗೂ ಬೇಡ, ಆ ಏಜೆಂಟ್‌ಗೂ ಬೇಡ.

ನಾನು ವಕೀಲನಲ್ಲ. ಆದರೆ ಇದೇ ಕಷ್ಟ ನನಗೂ ಬಂದಿತ್ತು. ಸಾಲ ಕೊಟ್ಟ ಸಂಸ್ಥೆಯ ವಸೂಲಿಯವರು ಆಫೀಸಿಗೇ ಫೋನ್ ಮಾಡತೊಡಗಿದಾಗ ಮರ್ಯಾದೆಗೆ ಅಂಜಿ ಒಂದು ಕಂತು ಕಟ್ಟಿದೆ. ನನಗೆ ಅತಿ ಜಾಸ್ತಿ ತೊಂದರೆ ಕೊಟ್ಟಿದ್ದು ಅದೇ. ಆಮೇಲೆ ನಾನು ಬರೆದ ಪ್ರತಿ ಇಮೇಲ್‌ಗೂ ಒಂದೇ ಉತ್ತರ: "ಸಾಲ ನಿಮ್ಮದಲ್ಲದಿದ್ದರೆ ಕಂತು ಯಾಕೆ ಕಟ್ಟಿದಿರಿ?" ಒಂದು ರೂಪಾಯಿ ಕಟ್ಟಿದರೂ ನೀವು ಸಾಲ ಒಪ್ಪಿಕೊಂಡಿರಿ ಎಂದು ವಾದಿಸಲು ಅವರಿಗೆ ದಾರಿಯಾಗುತ್ತದೆ. ಸ್ವಲ್ಪ ಕಡಿಮೆಗೆ ಸೆಟಲ್ ಮಾಡಿಕೊಂಡರೆ ಇನ್ನೂ ಕಷ್ಟ. ವರದಿಯಲ್ಲಿ "ಸೆಟಲ್ಡ್" ಎಂದು ಬರುತ್ತದೆ. ಮನೆ ಸಾಲ ಕೊಡುವವರ ಕಣ್ಣಿಗೆ ಅದು ಪೂರ್ತಿ ತೀರಿಸಲಾಗದವರ ಗುರುತು.

ಹಾಗಾದರೆ ಏನು ಮಾಡಬೇಕು? ನನ್ನ ಅನುಭವದಲ್ಲಿ ಇಡೀ ಜಗಳ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ದುಡ್ಡು ಯಾರ ಖಾತೆಗೆ ಹೋಯಿತು? ನಾನು ಕಳ್ಳನಲ್ಲ, ನನಗೇನೂ ಗೊತ್ತಿಲ್ಲ ಅಂತ ಎರಡು ತಿಂಗಳು ಗೋಳಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಒಂದು ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಆ್ಯಪ್ ಮೂಲಕ ಕೊಡುವ ಸಾಲದ ಹಣ ಸಾಲಗಾರನ ಬ್ಯಾಂಕ್ ಖಾತೆಗೇ ನೇರವಾಗಿ ಹೋಗಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಅದಕ್ಕಿರುವ ವಿನಾಯಿತಿಗಳು ಕೆಲವೇ. ಅಂದಮೇಲೆ ಆ ಖಾತೆ ಯಾರದು ಎಂದು ತೋರಿಸಬೇಕಾದವರು ಅವರು, ನೀವಲ್ಲ.

ಮೊದಲು ನಿಮ್ಮ ವರದಿಯನ್ನು ಪೂರ್ತಿ ಓದಿ. ಬ್ಯಾಂಕಿನವರು ತೋರಿಸಿದ ಸ್ಕೋರ್ ಸಾಲದು. ನಮ್ಮ ದೇಶದಲ್ಲಿ ಇಂಥ ವರದಿ ಕೊಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ನಾಲ್ಕನ್ನೂ ತೆಗೆಯಿರಿ, ಯಾಕೆಂದರೆ ಒಂದರಲ್ಲಿ ಸರಿಯಾದರೂ ಇನ್ನೊಂದರಲ್ಲಿ ಹಾಗೇ ಉಳಿದಿರಬಹುದು. ಅದರಲ್ಲಿ ಸಾಲಗಳ ಪಟ್ಟಿಯ ಜೊತೆಗೆ ಎರಡು ಭಾಗ ಗಮನಿಸಿ. ಒಂದು, ವಿಳಾಸ ಮತ್ತು ಫೋನ್ ನಂಬರ್‌ಗಳ ಭಾಗ. ನನ್ನ ವರದಿಯಲ್ಲಿ ನಾನು ಎಂದೂ ಬಳಸದ ಮೊಬೈಲ್ ನಂಬರ್ ಇತ್ತು. ಒಟಿಪಿ ಹೋಗಿದ್ದು ಅದಕ್ಕೇ. ಇನ್ನೊಂದು ಎನ್‌ಕ್ವೈರಿ ಭಾಗ. ಕಳ್ಳ ಬೇರೆ ಎಲ್ಲೆಲ್ಲಿ ಸಾಲಕ್ಕೆ ಯತ್ನಿಸಿದ್ದಾನೆ ಅಂತ ಅಲ್ಲಿ ಗೊತ್ತಾಗುತ್ತದೆ. ಹಾಗೇ ಸಾಲ ಕೊಟ್ಟವರ ಹೆಸರು ನೋಡಿ ಗೊಂದಲ ಆಗಬೇಡಿ. ಆ್ಯಪ್‌ನ ಹೆಸರು ಅಲ್ಲಿ ಇರದೇ ಇರಬಹುದು. ಅದರ ಹಿಂದಿರುವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಹಣಕಾಸು ಸಂಸ್ಥೆ) ಹೆಸರು ಇರುತ್ತದೆ. ನೀವು ಬರೆಯಬೇಕಾದ್ದು ಆ ಹೆಸರಿಗೆ.

ಆ ಸಂಸ್ಥೆಯ ಜಾಲತಾಣದಲ್ಲಿ ಕುಂದುಕೊರತೆ ಅಧಿಕಾರಿಯ ಇಮೇಲ್ ಇರುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡುತ್ತಾ ದಿನ ಕಳೆಯಬೇಡಿ, ಸುಮ್ನೆ ಸುಸ್ತಾಗುತ್ತದೆ. ನಾನು ಕೊನೆಗೆ ಬರೆದಿದ್ದು ಹೆಚ್ಚು ಕಡಿಮೆ ಹೀಗಿತ್ತು:

"ನನ್ನ ಹೆಸರು ಮತ್ತು ಪ್ಯಾನ್ ಬಳಸಿ ಇಂಥ ಸಂಖ್ಯೆಯ ಸಾಲ ಇಂಥ ದಿನ ಮಂಜೂರಾಗಿದೆ ಎಂದು ವರದಿಯಿಂದ ತಿಳಿಯಿತು. ಈ ಸಾಲಕ್ಕೆ ನಾನು ಅರ್ಜಿ ಹಾಕಿಲ್ಲ. ಹಣ ನನಗೆ ಬಂದಿಲ್ಲ. ಅರ್ಜಿ, ಕೆವೈಸಿ ದಾಖಲೆ, ಫೋಟೊ, ಸಾಲದ ಕರಾರು, ಒಟಿಪಿ ಹೋದ ಮೊಬೈಲ್ ಸಂಖ್ಯೆ ಮತ್ತು ಹಣ ಜಮೆಯಾದ ಖಾತೆಯ ವಿವರ ಕೊಡಿ. ವಿಚಾರಣೆ ಮುಗಿಯುವವರೆಗೆ ವಸೂಲಿ ನಿಲ್ಲಿಸಿ. ಸಾಲ ನನ್ನದಲ್ಲ ಎಂದು ಖಚಿತವಾದ ಮೇಲೆ ನಾಲ್ಕೂ ಕ್ರೆಡಿಟ್ ವರದಿ ಸಂಸ್ಥೆಗಳಿಗೆ ತಿಳಿಸಿ ನನ್ನ ಹೆಸರಿನಿಂದ ತೆಗೆಸಿ."

ಇಷ್ಟೇ ಸಾಕು. ಬೈಗುಳ ಬೇಡ, ಕಥೆಯೂ ಬೇಡ. ಜೊತೆಗೆ ಸಾಲ ಮಂಜೂರಾದ ತಿಂಗಳಿನ ನಿಮ್ಮ ಎಲ್ಲ ಬ್ಯಾಂಕ್ ಖಾತೆಗಳ ಸ್ಟೇಟ್‌ಮೆಂಟ್ ಲಗತ್ತಿಸಿ. ಆ ಮೊತ್ತ ನಿಮಗೆ ಬಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನನ್ನ ವಿಷಯದಲ್ಲಿ ಅವರು ಕಳಿಸಿದ ಫೈಲಿನಲ್ಲಿ ಪ್ಯಾನ್ ನಂಬರ್ ನನ್ನದು, ಸೆಲ್ಫಿಯಲ್ಲಿದ್ದ ಮುಖ ಬೇರೆಯವರದು! ಅದನ್ನು ಒಬ್ಬರೂ ಹೋಲಿಸಿ ನೋಡಿರಲಿಲ್ಲ.

ಅದೇ ದಿನ ವರದಿ ಕೊಡುವ ನಾಲ್ಕೂ ಸಂಸ್ಥೆಗಳ ಜಾಲತಾಣದಲ್ಲಿ ಡಿಸ್ಪ್ಯೂಟ್ (ತಕರಾರು ಅರ್ಜಿ) ಹಾಕಿ. ಸಿಬಿಲ್‌ನವರು ತಾವಾಗಿಯೇ ಏನನ್ನೂ ಅಳಿಸುವುದಿಲ್ಲ. ಸಾಲ ಕೊಟ್ಟವರನ್ನು ಕೇಳುತ್ತಾರೆ, ಅವರು ಹೂಂ ಅಂದರೆ ಮಾತ್ರ ತಿದ್ದುತ್ತಾರೆ. ನಿಮ್ಮ ಏಜೆಂಟ್ ಯಾಕೆ ಬೇಡ ಅಂದೆ ಎಂದು ಈಗ ಗೊತ್ತಾಯಿತು ಅಲ್ವಾ? ಅವನಿಗೆ ಒಳದಾರಿ ಯಾವುದೂ ಇಲ್ಲ. ನೀವು ಪುಕ್ಕಟೆ ಹಾಕುವ ಅರ್ಜಿಯನ್ನೇ ಅವನೂ ಹಾಕುತ್ತಾನೆ, ಅದಕ್ಕಾಗಿ ನಿಮ್ಮ ಪ್ಯಾನ್, ಆಧಾರ್, ಒಟಿಪಿ ಎಲ್ಲ ಕೇಳುತ್ತಾನೆ. ಒಮ್ಮೆ ಕದ್ದುಹೋದ ಗುರುತನ್ನು ಮತ್ತೊಬ್ಬ ಅಪರಿಚಿತನ ಕೈಗೆ ಕೊಡುವುದು ಬೇಡ.

ಡಿಸ್ಪ್ಯೂಟ್ ಹಾಕಿದ 30 ದಿನದೊಳಗೆ ಬಗೆಹರಿಯಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮೊತ್ತ ಸಣ್ಣದು ನಿಜ. ಆದರೂ ಜ್ಞಾಪನಾ ಪತ್ರದಲ್ಲಿ ಆ ಸಾಲು ಬರೆಯಿರಿ, ನಿಯಮ ಗೊತ್ತಿರುವವರಿಗೆ ಉತ್ತರ ಬೇಗ ಬರುತ್ತದೆ. ಸಂಸ್ಥೆಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಬಗೆಹರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ನೇರವಾಗಿ ಅಲ್ಲಿಗೆ ಹೋದರೆ ದೂರು ವಾಪಸ್ ಬರುತ್ತದೆ. ಮೊದಲು ಸಂಸ್ಥೆಗೆ ಬರೆದಿರಲೇಬೇಕು. ಅದಕ್ಕೇ ಇಮೇಲ್‌ನ ದಿನಾಂಕ ಅಷ್ಟು ಮುಖ್ಯ.

ಪೊಲೀಸ್ ದೂರು ತಪ್ಪಿಸಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಅದರ ಸಂಖ್ಯೆ ಇಟ್ಟುಕೊಳ್ಳಿ. 1930 ನಂಬರ್ ಮುಖ್ಯವಾಗಿ ಖಾತೆಯಿಂದ ಹಣ ಈಗಷ್ಟೇ ಹೋಗಿದ್ದರೆ ಅದನ್ನು ತಡೆಯಲು. ನಿಮ್ಮ ವಿಷಯದಲ್ಲಿ ಪೋರ್ಟಲ್ ಮತ್ತು ಸೆನ್ ಠಾಣೆ (ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ) ಸರಿಯಾದ ಜಾಗ. ಬೇರೆಯವರ ಗುರುತು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಮೊತ್ತ ಸಣ್ಣದು ಅಂತ ಠಾಣೆಯಲ್ಲಿ ಬರೀ ಹಿಂಬರಹ (ದೂರು ಬಂದಿದೆ ಎಂಬ ಚೀಟಿ) ಕೊಟ್ಟು ಕಳಿಸಬಹುದು. ಅದನ್ನೂ ಬಿಡಬೇಡಿ, ತೆಗೆದುಕೊಳ್ಳಿ. ಆಮೇಲೆ ಎಫ್‌ಐಆರ್‌ಗಾಗಿ ಎಸ್‌ಪಿಯವರಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ಈ ಕೊನೆಯ ಹಂತಕ್ಕೆ ವಕೀಲರು ಬೇಕು.

ವಕೀಲರ ಖರ್ಚಿನ ಚಿಂತೆ ಇದ್ದರೆ ಒಂದು ಮಾತು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ಫೋನ್ 15100. 1987ರ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಇವರಿಗೆಲ್ಲ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಇದು ಭಿಕ್ಷೆಯಲ್ಲ, ಹಕ್ಕು. ಬರೀ ಸಲಹೆ ಕೇಳಲು ಹೋದರೂ ಯಾರೂ ಬೈಯುವುದಿಲ್ಲ.

ಈಗ ತೆರಿಗೆಯ ವಿಷಯ. ಎಐಎಸ್‌ನಲ್ಲಿ ಆ ಸಂಬಳದ ಸಾಲಿನ ಎದುರು ಫೀಡ್‌ಬ್ಯಾಕ್ ಕೊಡುವ ಜಾಗ ಇದೆ. ಅಲ್ಲಿ ಮಾಹಿತಿ ಅಲ್ಲಗಳೆಯುವ ಆಯ್ಕೆ ಇದೆ, ಬೇರೆ ಪ್ಯಾನ್‌ಗೆ ಸೇರಿದ್ದು ಎನ್ನುವ ಆಯ್ಕೆಯೂ ಇದೆ. ಹೊಂದುವುದನ್ನು ಆರಿಸಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆ ಕಂಪನಿ ನಿಮ್ಮ ಪ್ಯಾನ್‌ಗೆ ಟಿಡಿಎಸ್ (ಸಂಬಳದಲ್ಲೇ ಮುರಿದುಕೊಂಡ ತೆರಿಗೆ) ಕಟ್ಟಿದ್ದರೆ ಅದು 26ಎಎಸ್ ಎಂಬ ತೆರಿಗೆ ಪಟ್ಟಿಯಲ್ಲೂ ಕಾಣುತ್ತದೆ. ರಿಟರ್ನ್‌ನಲ್ಲಿ ಅದು ತಾನಾಗಿಯೇ ತುಂಬಿಕೊಂಡಿರುತ್ತದೆ. ಹೇಗೂ ನನ್ನ ಹೆಸರಲ್ಲಿ ಕಟ್ಟಿದ್ದಾರಲ್ಲ, ರಿಫಂಡ್ ಬರಲಿ ಅಂತ ಬಿಡಬೇಡಿ. ಆ ಟಿಡಿಎಸ್ ಕ್ಲೇಮ್ ಮಾಡಿದರೆ ಆ ಸಂಬಳ ನನ್ನದೇ ಅಂತ ನೀವೇ ಬರೆದುಕೊಟ್ಟ ಹಾಗೆ. ಎರಡನ್ನೂ ತೆಗೆದು, ನಿಮ್ಮ ನಿಜವಾದ ಆದಾಯವನ್ನಷ್ಟೇ ತೋರಿಸಿ. ಕಂಪನಿಗೂ ಬರೆದು ಅವರ ಟಿಡಿಎಸ್ ರಿಟರ್ನ್ ತಿದ್ದಲು ಹೇಳಿ. ಎಷ್ಟೋ ಸಲ ಇದು ಒಂದಕ್ಷರ ತಪ್ಪಿ ಟೈಪಾದ ಪ್ಯಾನ್ ಅಷ್ಟೇ ಆಗಿರುತ್ತದೆ. ಹಾಗಿದ್ದರೆ ಬೇಗ ಮುಗಿಯುತ್ತದೆ.

ಮುಂದೆ ಇಲಾಖೆಯಿಂದ ನೋಟಿಸ್ ಬಂದರೆ ಮೊದಲು ಅದು ಅಸಲಿಯಾ ನೋಡಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಸಂಖ್ಯೆ ಕಡ್ಡಾಯ. ಇ-ಫೈಲಿಂಗ್ ತಾಣದಲ್ಲಿ ಲಾಗಿನ್ ಆಗದೆಯೇ ಅದನ್ನು ಪರೀಕ್ಷಿಸಬಹುದು. ಅಸಲಿಯಾಗಿದ್ದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ ಉತ್ತರ ಕೊಡಿ, ಫೀಡ್‌ಬ್ಯಾಕ್ ಮತ್ತು ಪೊಲೀಸ್ ದೂರಿನ ಪ್ರತಿ ಸೇರಿಸಿ. ನನ್ನದಲ್ಲ, ನಾನ್ಯಾಕೆ ಉತ್ತರಿಸಲಿ ಅಂತ ಸುಮ್ಮನಿದ್ದರೆ ತೆರಿಗೆ ನಿಮ್ಮ ತಲೆಗೇ ಬರುತ್ತದೆ.

ಇನ್ನು ನಿಮ್ಮ ಮನೆ. ನಿಮಗೆ ನಿದ್ದೆ ಕೆಡಿಸಿರುವುದು ಇದೇ ಎಂದು ನನಗೆ ಗೊತ್ತು. ಮನೆ ಮಾರುವವರ ಹತ್ತಿರ ಇಂದೇ ಹೋಗಿ, ಇದ್ದ ವಿಷಯ ಹೇಳಿ. ಅವಧಿ ಮುಗಿಯುವ ಮೊದಲೇ ಕೇಳಿದರೆ ಮನುಷ್ಯರು ಒಪ್ಪುತ್ತಾರೆ, ಮುಗಿದ ಮೇಲೆ ಕೇಳಿದರೆ ಅನುಮಾನ ಪಡುತ್ತಾರೆ. ಒಪ್ಪಿದರೆ ಬಾಯಿಮಾತಿಗೆ ಬಿಡಬೇಡಿ. ಕರಾರಿನಲ್ಲೇ ಷರಾ ಬರೆಸಿ, ಹೊಸ ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿ, ಸಾಕ್ಷಿಗಳ ಸಹಿಯೂ ಇರಲಿ. ಸಾಲ ಸಿಗದಿದ್ದರೆ ಅಡ್ವಾನ್ಸ್ ಏನಾಗುತ್ತದೆ ಎಂಬ ಷರತ್ತು ಕರಾರಿನಲ್ಲಿ ಇದೆಯಾ ಅಂತ ಈಗಲೇ ಓದಿಕೊಳ್ಳಿ. ಬ್ಯಾಂಕಿನ ಸಾಲದ ಅಧಿಕಾರಿಗೂ ಡಿಸ್ಪ್ಯೂಟ್ ಸಂಖ್ಯೆ, ದೂರಿನ ಪ್ರತಿ ಕೊಡಿ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು, ಆದರೂ ಅರ್ಜಿ ತಿರಸ್ಕರಿಸುವ ಬದಲು ತಡೆಹಿಡಿಯಿರಿ ಎಂದು ಕೇಳಬಹುದು. ಈ ಅವಸರದಲ್ಲಿ ಇನ್ನೂ ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ವರದಿಯಲ್ಲಿ ದಾಖಲಾಗಿ ಸ್ಕೋರ್ ಇನ್ನೂ ಕೆಳಗಿಳಿಯಬಹುದು.

ಸೋರಿಕೆ ನಿಲ್ಲಿಸಲು ಒಂದು ಸಂಜೆ ಸಾಕು. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಸಂಚಾರ್ ಸಾಥಿ ಎಂಬ ಸರ್ಕಾರಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ. ಪ್ಯಾನ್ ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡವಾಗಿ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಅಂತ ಬರೆದು ಸಹಿ ಮಾಡಿ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಸಮಯ ಬರೆದಿಟ್ಟು ಅದನ್ನೂ ದೂರಿಗೆ ಸೇರಿಸಿ. ಅವರು ಕೂಗಾಡಿದರೂ ನೀವು ಹೇಳಬೇಕಾದ್ದು ಒಂದೇ: "ದುಡ್ಡು ಹೋದ ಖಾತೆ ಯಾವುದು ಅಂತ ಬರವಣಿಗೆಯಲ್ಲಿ ಕೊಡಿ."

ನನ್ನದು ಮುಗಿಯಲು ಐದು ತಿಂಗಳು ಹಿಡಿಯಿತು, ಅದರಲ್ಲಿ ಎರಡು ತಿಂಗಳು ನಾನು ಹೆದರಿ ಕಳೆದದ್ದು. ಕೊನೆಗೆ ಆ ಸಾಲ ನನ್ನದಲ್ಲ ಎಂದು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪತ್ರ ಬಂತು. ವರದಿಯಲ್ಲಿ ಸಾಲ ಮಾಯವಾಗಿದೆ, ಸಾಕು ಅಂತ ಬಿಡಬೇಡಿ, ಆ ಪತ್ರ ಕೇಳಿ ಪಡೆಯಿರಿ. ವರ್ಷ ಕಳೆದ ಮೇಲೆ ಇನ್ಯಾವುದೋ ವಸೂಲಿ ಕಂಪನಿಯವರು ಅದೇ ಹಳೆಯ ಸಾಲ ಹಿಡಿದು ಫೋನ್ ಮಾಡಿದರು. ಪತ್ರದ ಫೋಟೊ ಕಳಿಸಿದೆ. ಮತ್ತೆ ಫೋನ್ ಬರಲಿಲ್ಲ.