ಗಬ್ಬದ ಮೊಲಕ್ಕೆ ಕಿವಿಕಜ್ಜಿ, ಮೆತ್ತನೆ ಹಿಕ್ಕೆ: ಔಷಧ ಯಾವಾಗ, ಎಷ್ಟು?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕರಿ. ಹನ್ನೆರಡು ಹೆಣ್ಣುಮೊಲ ಸಾಕೀವಿ. ಈ ಮಳಿಗಾಲದಾಗ ಹೊಟ್ಟಿ ಹಿಚುಕಿ ನೋಡಿ ಗಬ್ಬ ಅಂತ ಖಾತ್ರಿ ಮಾಡಿಕೊಂಡಿದ್ದ ಮೂರು ಮೊಲ ಮರಿನೇ ಹಾಕಲಿಲ್ಲ. ಇನ್ನೊಂದು 31ನೇ ದಿನ ಸತ್ತ ಮರಿ ಹಾಕಿತು. ಬಹಳಷ್ಟು ಮೊಲಕ್ಕೆ ಕಿವ್ಯಾಗ ಕಜ್ಜಿ ಅದ, ಹಿಕ್ಕಿ ಮೆತ್ತಗ ಬರ್ಲಿಕತ್ತಾವ. ಆಡಿಗೆ ಹಾಕೋ ಜಂತಿನ ಔಷಧ, ಕಜ್ಜಿ ಇಂಜೆಕ್ಷನ್ ಗಬ್ಬದ ಮೊಲಕ್ಕೂ ಕೊಡಬಹುದೇನ್ರಿ?

ಉತ್ತರ: ಜಂತಿನ ಔಷಧವನ್ನಂತೂ ಕೊಡಲೇಬೇಡಿ. ಆಡಿಗೆ ಹಾಕುವುದು ಹೆಚ್ಚಾಗಿ ಆಲ್ಬೆಂಡಜೋಲ್. ಗರ್ಭದಲ್ಲಿ ಮರಿಯ ಅಂಗಾಂಗ ಮೂಡುವ ಹೊತ್ತಿನಲ್ಲಿ ಅದು ಊನ ಉಂಟುಮಾಡಬಲ್ಲದು. ಮೊಲದ ಮೂಳೆಮಜ್ಜೆಗೂ ಪೆಟ್ಟು ಕೊಡುತ್ತದೆ. ಮೇಲಾಗಿ, ಮಳೆಗಾಲದಲ್ಲಿ ಹಿಕ್ಕೆ ಮೆತ್ತಗಾದರೆ ಮೊದಲು ಅನುಮಾನಿಸಬೇಕಾದದ್ದು ಜಂತನ್ನಲ್ಲ, ಕಾಕ್ಸಿಡಿಯಾವನ್ನು. ಅದು ಕಣ್ಣಿಗೆ ಕಾಣದ ಏಕಕೋಶ ಜೀವಿ, ಆಲ್ಬೆಂಡಜೋಲ್‌ಗೆ ಬಗ್ಗುವುದಿಲ್ಲ.

ಕಾಕ್ಸಿಡಿಯಾ ಆಗಲಿ, ಕಿವಿಕಜ್ಜಿ ತರುವ ನುಸಿ ಆಗಲಿ ಗರ್ಭಕೋಶಕ್ಕೆ ಹೋಗಿ ಮರಿಯನ್ನು ಕೊಲ್ಲುವುದಿಲ್ಲ. ಅವು ಕೆಡಿಸುವುದು ತಾಯಿಯ ಮೇವನ್ನು. ಮರಿಗಳ ತೂಕದ ಬಹುಪಾಲು ಗಬ್ಬದ ಕೊನೆಯ ಹತ್ತು ದಿನದಲ್ಲೇ ಕೂಡುತ್ತದೆ. ಆ ಹೊತ್ತಿಗೆ ಕರುಳಿನ ಒಳಪದರ ಹಾಳಾಗಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಯಕೃತ್ತಿಗೆ ಹತ್ತುವ ಜಾತಿಯ ಕಾಕ್ಸಿಡಿಯಾ ಇನ್ನೂ ಕೆಟ್ಟದ್ದು. ಸತ್ತ ಮೊಲದ ಯಕೃತ್ತಿನ ಮೇಲೆ ಬಿಳಿ ಗಂಟುಗಳು ಕಂಡರೆ ಅದೇ. ಕಿವಿ ತುಂಬ ಕಜ್ಜಿ ಇರುವ ಮೊಲ ಹಗಲೂ ರಾತ್ರಿ ಕೆರೆದುಕೊಳ್ಳುತ್ತ ಮೇವು ಬಿಡುತ್ತದೆ. ಕೊನೆಯ ವಾರ ಹೀಗೆ ಮೇವು ಬಿಟ್ಟರೆ, ಅದರಲ್ಲೂ ಕೊಬ್ಬಿದ ಮೊಲವಾದರೆ, ಮೈಕೊಬ್ಬು ಕರಗಿ ರಕ್ತ ವಿಷವಾಗಿ ತಾಯಿಯೇ ಸಾಯಬಹುದು. ಆದ್ದರಿಂದ ಗಬ್ಬದ ಮೊಲ ಒಂದು ಇಡೀ ದಿನ ಏನೂ ತಿನ್ನದಿದ್ದರೆ ನಾಳೆ ನೋಡೋಣ ಎಂದು ಬಿಡಬೇಡಿ, ಅಂದೇ ಪಶುವೈದ್ಯರಿಗೆ ತೋರಿಸಿ.

ನಿಮ್ಮ ಮೂರು ಮೊಲಗಳು ಮರಿಯನ್ನೇ ಹಾಕದ್ದಕ್ಕೆ ಎರಡು ಕಾರಣ ಇರಬಹುದು. ಗಬ್ಬದ 20ನೇ ದಿನದೊಳಗೆ ಸತ್ತ ಮರಿ ಸಾಮಾನ್ಯವಾಗಿ ಹೊರಬರುವುದಿಲ್ಲ, ತಾಯಿಯ ಮೈಯಲ್ಲೇ ಕರಗಿಹೋಗುತ್ತದೆ. ಇಲ್ಲವೇ ಅದು ಸುಳ್ಳು ಗಬ್ಬ: ಗಂಡು ಬಿಟ್ಟ 16ರಿಂದ 18ನೇ ದಿನಕ್ಕೇ ಕೂದಲು ಕಿತ್ತು ಗೂಡು ಕಟ್ಟಿದ್ದರೆ ಅದೇ ಎನ್ನಬಹುದು. ಹೊಟ್ಟೆ ಮುಟ್ಟಿ ನೋಡುವುದನ್ನು 12ರಿಂದ 14ನೇ ದಿನದ ನಡುವೆ, ಬೆರಳ ತುದಿಯಿಂದ ಮೆಲ್ಲಗೆ ಮಾಡಿ. ಹಿಚುಕಿದರೆ ಅದರಿಂದಲೇ ಗಬ್ಬ ಹೋಗಬಹುದು. ಬೂಸ್ಟು ಹಿಡಿದ ಶೇಂಗಾ ಹಿಂಡಿ ಹಾಕಿದ್ದರೆ ಅದನ್ನೂ ಇಂದೇ ನಿಲ್ಲಿಸಿ.

ಈಗ ಕಜ್ಜಿ ಇಂಜೆಕ್ಷನ್. ಐವರ್‌ಮೆಕ್ಟಿನ್ ಮೊಲಕ್ಕೆ ಒಳ್ಳೆಯ ಔಷಧವೇ, ಅನಾಹುತ ಆಗುವುದು ಅಳತೆಯಲ್ಲಿ. ಕಿಲೋ ತೂಕಕ್ಕೆ 0.2ರಿಂದ 0.4 ಮಿಲಿಗ್ರಾಂ ಸಾಕು. ಅಂಗಡಿಯ ಶೇಕಡಾ 1ರ ಔಷಧದಲ್ಲಿ ಒಂದು ಮಿ.ಲೀ.ಗೆ 10 ಮಿಲಿಗ್ರಾಂ ಇರುತ್ತದೆ. ಅಂದರೆ 3 ಕಿಲೋ ಮೊಲಕ್ಕೆ ಬೇಕಾದದ್ದು 0.06ರಿಂದ 0.12 ಮಿ.ಲೀ. ಮಾತ್ರ. 100 ಯೂನಿಟ್‌ಗೆ ಒಂದು ಮಿ.ಲೀ. ಆಗುವ ಇನ್ಸುಲಿನ್ ಸಿರಿಂಜಿನಲ್ಲಿ 6ರಿಂದ 12 ಗೆರೆ. ದೊಡ್ಡ ಸಿರಿಂಜಿನಲ್ಲಿ ಕಣ್ಣಂದಾಜಿಗೆ ಒಂದು ಮಿ.ಲೀ. ಎಳೆದರೆ ಕಿಲೋಗೆ 3 ಮಿಲಿಗ್ರಾಂ ದಾಟುತ್ತದೆ. ಮೊಲದ ಮರಿಗಳಿಗೆ ಅಂಗುಳು ಸೀಳಿದ್ದು, ಮುಂಗಾಲು ಸೊಟ್ಟಗಾದದ್ದು ಕಂಡಿರುವುದು ಇಂಥ ಮಿತಿಮೀರಿದ ಪ್ರಮಾಣದಲ್ಲೇ. ಸರಿಯಾದ ಅಳತೆಯಲ್ಲೂ ಗಬ್ಬದ 6ರಿಂದ 18ನೇ ದಿನದವರೆಗೆ ಬೇಡ ಎನ್ನುವುದು ನಮ್ಮ ಸಲಹೆ. ಕಜ್ಜಿ ತೀರಾ ಜೋರಾಗಿದ್ದರೆ ವೈದ್ಯರು ನೋಡಿ ನಿರ್ಧರಿಸಲಿ. ಅಲ್ಲಿಯವರೆಗೆ ಎರಡು ಮೂರು ದಿನ ಕಿವಿಯೊಳಗೆ ಕೊಬ್ಬರಿ ಎಣ್ಣೆಯ ನಾಲ್ಕೈದು ಹನಿ ಬಿಡಿ. ಒಣ ಹಕ್ಕಳೆ ಕೀಳಬೇಡಿ. ಕೆಳಗೆ ಹಸಿ ಗಾಯ ಇರುತ್ತದೆ. ನಾಯಿಗೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ಮೊಲಕ್ಕೆ ಪ್ರಾಣಾಪಾಯ, ಗಬ್ಬ ಇರಲಿ ಬಿಡಲಿ.

ಗಂಡಿಗೆ ಬಿಡುವ ಮೊದಲೇ ಚಿಕಿತ್ಸೆ ಮುಗಿದಿರಬೇಕು. ಗಬ್ಬ ಇಲ್ಲದ ಮೊಲಗಳಿಗೂ ಗಂಡುಗಳಿಗೂ ಒಂದೇ ದಿನ ಐವರ್‌ಮೆಕ್ಟಿನ್ ಕೊಡಿಸಿ, 14 ದಿನ ಬಿಟ್ಟು ಇನ್ನೊಮ್ಮೆ ಕೊಡಿಸಿ. ಒಂದನ್ನು ಬಿಟ್ಟರೂ ಅದರಿಂದ ಉಳಿದವಕ್ಕೆ ಮತ್ತೆ ಹತ್ತುತ್ತದೆ. ನುಸಿ ಮೊಲದ ಮೈಬಿಟ್ಟು ಬೋನಿನಲ್ಲೇ ಮೂರು ವಾರದವರೆಗೆ ಬದುಕಬಲ್ಲದು, ಹಾಗಾಗಿ ಹಳೆಯ ಹಾಸುಹುಲ್ಲು ಸುಟ್ಟುಬಿಡಿ. ಹಿಕ್ಕೆ ಪರೀಕ್ಷೆಯಲ್ಲಿ ಕಾಕ್ಸಿಡಿಯಾ ಕಂಡರೆ ಶೇಕಡಾ 2.5ರ ಟಾಲ್ಟ್ರಜುರಿಲ್ ಅನ್ನು ಲೀಟರ್ ನೀರಿಗೆ 1 ಮಿ.ಲೀ.ನಂತೆ ಎರಡು ದಿನ, ಐದು ದಿನ ಬಿಟ್ಟು ಮತ್ತೆ ಎರಡು ದಿನ ವೈದ್ಯರ ಸಲಹೆಯಂತೆ ಕೊಡಿ. ಎಲ್ಲ ಮುಗಿದು ಎರಡು ವಾರವಾದ ಮೇಲೆ ಗಂಡಿಗೆ ಬಿಡಿ. ಬೆಳಗಿನ ಹೊಸ ಹಿಕ್ಕೆಯನ್ನು ಮುಚ್ಚಳದ ಡಬ್ಬಿಯಲ್ಲಿ ತಂಪಾಗಿಟ್ಟು ಅಂದೇ ಹತ್ತಿರದ ಪಶು ಆಸ್ಪತ್ರೆಗಾಗಲಿ, ಬೀದರಿನ ಪಶುವೈದ್ಯಕೀಯ ಕಾಲೇಜಿಗಾಗಲಿ ಒಯ್ಯಿರಿ.

ಔಷಧಕ್ಕಿಂತ ಹೆಚ್ಚು ಕೆಲಸ ಮಾಡುವುದು ಪೊರಕೆ. ಹಿಕ್ಕೆಯಲ್ಲಿ ಬಿದ್ದ ಕಾಕ್ಸಿಡಿಯಾ ತತ್ತಿ ಬಿದ್ದ ಕೂಡಲೇ ರೋಗ ಹರಡುವುದಿಲ್ಲ. ತೇವದಲ್ಲಿ ಒಂದರಿಂದ ಮೂರು ದಿನ ಬಲಿಯಬೇಕು. ಹಾಗಾಗಿ ದಿನಾ ಹಿಕ್ಕೆ ಎತ್ತಿದರೆ, ಬೋನಿನ ತಳ ಒಣಗಿದ್ದರೆ ರೋಗದ ಸರಪಳಿ ತುಂಡಾಗುತ್ತದೆ. ಫಿನಾಯಿಲಿಗೆ ಆ ತತ್ತಿ ಸಾಯುವುದಿಲ್ಲ, ಕುದಿಯುವ ನೀರು ಇಲ್ಲವೇ ಬೆಂಕಿಯ ಜ್ವಾಲೆ ಬೇಕು. ಮರಿಪೆಟ್ಟಿಗೆಯನ್ನು ಉಜ್ಜಿ, ಕುದಿನೀರು ಸುರಿದು, ಬಿಸಿಲಿಗೆ ಪೂರ್ತಿ ಒಣಗಿಸಿ 27 ಅಥವಾ 28ನೇ ದಿನ ಒಳಗಿಡಿ. ಮರಿ ಹಾಕಿ ಹಾಲೂಡುವ ದಿನಗಳಲ್ಲಿ ತಾಯಿಯ ಹಿಕ್ಕೆಯಲ್ಲಿ ತತ್ತಿ ಹೆಚ್ಚುತ್ತದೆ, ಮರಿಗೆ ರೋಗ ಹತ್ತುವ ಜಾಗವೂ ಆ ಪೆಟ್ಟಿಗೆಯೇ. ಮಳೆಯಲ್ಲಿ ನೆನೆದ ಹುಲ್ಲು, ಕುದುರೆಮಸಾಲನ್ನು ನೆರಳಲ್ಲಿ ಬಾಡಿಸಿ ಕೊಡಿ. ನೆಲಕ್ಕೆ ಹರಡದೆ ಗೂಡೆಯಲ್ಲಿ ತೂಗುಹಾಕಿ. ಕೋಳಿ ಆಹಾರ ಮಾತ್ರ ಬೇಡವೇ ಬೇಡ: ಅದರಲ್ಲಿ ಬೆರೆಸುವ ಕೆಲವು ಕಾಕ್ಸಿಡಿಯಾ ಔಷಧಗಳು ಮೊಲಕ್ಕೆ ವಿಷ.

ಪ್ರಶ್ನೆ: ಮೇವಿನ ಕೋಣೆಯಲ್ಲಿ ಬೆಕ್ಕು ಓಡಾಡುತ್ತದೆ. ಇದರಿಂದ ಮೊಲ ಕಂದು ಹಾಕುತ್ತದೆಯೇ? (ಹುಮನಾಬಾದ್)

ಉತ್ತರ: ಹಾಕಬಹುದು. ಬೆಕ್ಕಿನ ಹೇಲಿನಿಂದ ಮೇವಿಗೆ ಸೇರುವ ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶ ಜೀವಿ, ಮೊಲದ ಕಾಕ್ಸಿಡಿಯಾದಂತಲ್ಲದೆ, ಗರ್ಭದ ಮರಿಗೇ ದಾಟಬಲ್ಲದು. ಹಿಂಡಿ, ಕಾಳು, ತೊಗರಿ ಹೊಟ್ಟನ್ನು ಮುಚ್ಚಳದ ಡ್ರಮ್ಮಿನಲ್ಲಿಡಿ, ಬಾಗಿಲಿಗೆ ಜಾಲರಿ ಹಾಕಿ. ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಬೆಕ್ಕು ಹೇತ ಜಾಗ ಬಳಿಯುವ ಕೆಲಸ, ಸತ್ತ ಮರಿ ಎತ್ತುವ ಕೆಲಸ ಅವರಿಂದ ಮಾಡಿಸಬೇಡಿ. ಮೊಲದ ಮಾಂಸ ಪೂರ್ತಿ ಬೇಯಲಿ.

ಪ್ರಶ್ನೆ: ಹಿಕ್ಕೆಯಲ್ಲಿ ಬಿಳಿ ದಾರದಂಥ ಹುಳು ಕಾಣುತ್ತಿವೆ, ಮೊಲ ಗಬ್ಬ ಇದೆ. (ಶಹಾಪುರ)

ಉತ್ತರ: ಅವು ಮೊಲದ ದಾರಹುಳು ಇರಬೇಕು. ಮೊಲ ಚೆನ್ನಾಗಿ ತಿನ್ನುತ್ತಿದ್ದರೆ ಗಬ್ಬಕ್ಕೆ ಅವುಗಳಿಂದ ತೊಂದರೆ ಇಲ್ಲ. ಈಗ ಔಷಧ ಬೇಡ. ಮರಿಗಳು ಹಾಲು ಬಿಟ್ಟ ಮೇಲೆ, ಮುಂದಿನ ಸಲ ಗಂಡಿಗೆ ಬಿಡುವ ಮುಂಚೆ ವೈದ್ಯರನ್ನು ಕೇಳಿ ಕೊಡಿಸಿ.