ಸ್ಲ್ಯಾಬ್ ಸೆರಿಫ್ ಬೋಲ್ಡನ್ನು ಇಟಾಲಿಕ್ ಮಾಡಿದರೆ ಪೋಸ್ಟರ್‌ನಲ್ಲಿ ಯಾಕೆ ಸರಿ ಕಾಣಲ್ಲ?

ಇಂಗ್ಲಿಷ್ ಹೆಡ್‌ಲೈನ್‌ಗೆ ರೊಬೊಟೊ ಸ್ಲ್ಯಾಬ್ ಬೋಲ್ಡ್ ಹಾಕಿದ್ದೆ, ಇಟಾಲಿಕ್ ಬಟನ್ ಒತ್ತಿದ ಮೇಲೆ ಏನೋ ಕೆಟ್ಟಿತು ಅಂದಿದ್ದೀರಿ. ನಿಮ್ಮ ಕಣ್ಣು ಸರಿಯಾಗೇ ಇದೆ. ರೊಬೊಟೊ ಸ್ಲ್ಯಾಬ್ ಒಂದು ಸ್ಲ್ಯಾಬ್ ಸೆರಿಫ್ ಫಾಂಟ್, ಅಂದರೆ ಅಕ್ಷರದ ತುದಿಗಳಲ್ಲಿ ದಪ್ಪ ಚಪ್ಪಟೆ ಪಟ್ಟಿ ಇರುವಂಥದ್ದು. ಅದಕ್ಕೆ ಇಟಾಲಿಕ್ಕೇ, ಅಂದರೆ ಬೇರೆಯಾಗಿ ಬರೆದ ವಾಲಿದ ರೂಪವೇ, ಇಲ್ಲ. ನೆಟ್ಟಗಿದ್ದ ಅಕ್ಷರವನ್ನೇ ಸಾಫ್ಟ್‌ವೇರ್ ಸುಮ್ನೆ ಬಲಕ್ಕೆ ವಾಲಿಸಿ ಕೊಟ್ಟಿದೆ.

ಹೀಗೆ ವಾಲಿದ ಒಂದು 'ಓ' (O) ಅಕ್ಷರವನ್ನು ಪರದೆ ತುಂಬ ದೊಡ್ಡದು ಮಾಡಿ ನೋಡಿ. ಬಲಗಡೆ ಮೇಲಿನ ಮೂಲೆ, ಎಡಗಡೆ ಕೆಳಗಿನ ಮೂಲೆ ದಪ್ಪಗಾಗಿವೆ. ಉಳಿದೆರಡು ಮೂಲೆ ಸೊರಗಿವೆ. ಯಾರೋ ಎರಡು ಬೆರಳಲ್ಲಿ ಹಿಡಿದು ಎಳೆದ ಹಾಗೆ. ಸಣ್ಣ ಸೈಜಲ್ಲಿ ಇದು ಗೊತ್ತೇ ಆಗಲ್ಲ. ನಾನೂ ಒಮ್ಮೆ ಪರದೆ ಮೇಲೆ ನೋಡಿ ಸರಿ ಇದೆ ಅಂದುಕೊಂಡು ಪ್ರಿಂಟಿಗೆ ಕಳಿಸಿದ್ದೆ. ಗೋಡೆಗೆ ಅಂಟಿಸಿದಾಗ 'ಎಸ್' ಇನ್ನೇನು ಬೀಳುತ್ತೆ ಅನ್ನೋ ಥರ ಇತ್ತು!

ಡಿಸೈನರ್ ಕೂತು ಬರೆದ ಇಟಾಲಿಕ್‌ನಲ್ಲಿ ಈ ದಪ್ಪವನ್ನೆಲ್ಲ ಕೈಯಾರೆ ತಿದ್ದಿರುತ್ತಾರೆ. ಸ್ಲ್ಯಾಬ್‌ಗೆ ಆ ತಿದ್ದುವಿಕೆ ಬೇರೆ ಫಾಂಟ್‌ಗಳಿಗಿಂತ ಜಾಸ್ತಿ ಬೇಕು. ಈ ಜಾತಿ ಅಕ್ಷರ 1810ರ ದಶಕದಲ್ಲಿ ಲಂಡನ್ನಿನ ಅಚ್ಚುಮೊಳೆ ಫೌಂಡ್ರಿಗಳಿಂದ ಹೊರಬಂತು. ಪುಸ್ತಕದಲ್ಲಿ ಓದುವುದಕ್ಕಲ್ಲ, ಜಾಹೀರಾತಿನಲ್ಲಿ ದೂರದಿಂದ ಕಣ್ಣಿಗೆ ಬೀಳುವುದಕ್ಕೆ. ಕಾಲಿಗೆ ದಪ್ಪ ಚಪ್ಪಟೆ ಪಟ್ಟಿ ಕಟ್ಟಿಕೊಂಡು ಕಂಬದ ಹಾಗೆ ನಿಲ್ಲೋದೇ ಅದರ ಗತ್ತು. ಅಂಥದ್ದನ್ನು ಇಟಾಲಿಕ್ ಮಾಡಿ ಓಡಿಸಬೇಕು ಅಂದರೆ ಆ ಪಟ್ಟಿಗಳು ಅಡ್ಡ ಬರುತ್ತವೆ. ಅದಕ್ಕೇ ಎಷ್ಟೋ ಇಟಾಲಿಕ್‌ಗಳಲ್ಲಿ 'ಎನ್', 'ಎಂ' ಥರದ ಸಣ್ಣಕ್ಷರಗಳ ಕಾಲಿನ ಪಟ್ಟಿ ಕಡಿಮೆ ಮಾಡಿ, ಕೊನೆಯಲ್ಲಿ ಒಂದು ಕೊಂಡಿ ಬಿಟ್ಟಿರುತ್ತಾರೆ. ಭಾರ ಹಾಗೇ ಇರಬೇಕು, ಆದರೂ ಓಡಬೇಕು. ಇದು ಹೊಂದಿದಾಗ ಬೋಲ್ಡ್ ಇಟಾಲಿಕ್ ಸ್ಲ್ಯಾಬ್‌ನಷ್ಟು ಮಜಾ ಕೊಡೋ ಅಕ್ಷರ ಇನ್ನೊಂದಿಲ್ಲ, ನನ್ನ ಮಟ್ಟಿಗೆ.

ದುಡ್ಡು ಕೊಡದೆ ಬೇಕಾದರೆ ಜಿಲ್ಲಾ ಸ್ಲ್ಯಾಬ್ (Zilla Slab) ಅಥವಾ ಆರ್ವೊ (Arvo) ಫಾಂಟ್ ನೋಡಿ. ಎರಡಕ್ಕೂ ಬೋಲ್ಡ್ ಇಟಾಲಿಕ್ ಬೇರೆಯಾಗೇ ಇದೆ. ನಾನಾದರೆ ಜಿಲ್ಲಾದಿಂದ ಶುರು ಮಾಡುತ್ತೇನೆ. ವೆಬ್‌ಗಾದರೆ ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್ ಕೋಡ್‌ನಲ್ಲಿ ಫಾಂಟ್ ಸಿಂಥೆಸಿಸ್ (font-synthesis) ಅನ್ನು 'none' ಮಾಡಿಡಿ. ಆಗ ಬ್ರೌಸರ್ ತಾನೇ ವಾಲಿಸೋದು ನಿಲ್ಲುತ್ತೆ, ಇಟಾಲಿಕ್ ಫೈಲ್ ಹಾಕೋದು ಮರೆತಿದ್ದರೆ ಅಲ್ಲೇ ಗೊತ್ತಾಗುತ್ತೆ.

ಮೂರು ನಾಲ್ಕು ಪದಕ್ಕಿಂತ ಜಾಸ್ತಿ ಬೋಲ್ಡ್ ಇಟಾಲಿಕ್ ಸ್ಲ್ಯಾಬ್‌ನಲ್ಲಿ ಹಾಕಬೇಡಿ. ಅಡಿಬರಹಕ್ಕಂತೂ ಬೇಡವೇ ಬೇಡ, 'ಇ' (e) ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗ ಮುಚ್ಚಿಹೋಗುತ್ತೆ. ದೊಡ್ಡ ಸೈಜಲ್ಲಿ ಅಕ್ಷರಗಳ ನಡುವಿನ ಜಾಗವನ್ನು ಸ್ವಲ್ಪ ಬಿಗಿ ಮಾಡಿ. ಪಕ್ಕಪಕ್ಕದ ಪಟ್ಟಿಗಳು ಒಂದೋ ಪೂರ್ತಿ ಅಂಟಲಿ, ಇಲ್ಲ ಸ್ಪಷ್ಟವಾಗಿ ಬಿಡಲಿ. ಕೂದಲೆಳೆ ಸಂದು ಉಳಿದರೆ ಪ್ರಿಂಟ್‌ನಲ್ಲಿ ಕೊಳೆ ಥರ ಕಾಣುತ್ತೆ. ಸಂದು ಸಮ ಇದೆಯಾ ಅಂತ ನೋಡೋಕೆ ಹಾಳೆಯನ್ನು ತಲೆಕೆಳಗೆ ಹಿಡಿಯಿರಿ. ಪದ ಓದೋಕಾಗದಿದ್ದಾಗ ಬರೀ ಆಕಾರ ಕಣ್ಣಿಗೆ ಬೀಳುತ್ತೆ.