ಹೋದ ನೀರು, ಬಂದ ನೀರು

ಪ್ರಶ್ನೆ: ಸಾಗರ ಪ್ರವಾಹಗಳು ಧ್ರುವಗಳ ಕಡೆಗೆ ಇಂತಿಷ್ಟು ಶಾಖ ಒಯ್ಯುತ್ತವೆ ಎಂದು ಅಂಕಿ ಕೊಡುತ್ತಾರಲ್ಲ, ಹರಿಯುವ ನೀರನ್ನೂ ಅದರ ಉಷ್ಣಾಂಶವನ್ನೂ ಗುಣಿಸಿದರೆ ಸಾಕೇ? ಅಷ್ಟು ನೀರನ್ನು ಅಳೆಯುವುದಾದರೂ ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹರಿಹರ

ಉತ್ತರ: ಸಾಲದಮ್ಮ. 20 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿದು ಗುಣಿಸಿದರೆ ಒಂದು ಉತ್ತರ ಬರುತ್ತದೆ. ಅದೇ ನೀರನ್ನು 293 ಕೆಲ್ವಿನ್ ಎಂದು ಬರೆದರೆ ಶಾಖ ಹದಿನಾಲ್ಕು ಪಟ್ಟಿಗೂ ಹೆಚ್ಚಾಗಿಬಿಡುತ್ತದೆ! ಸಮುದ್ರಕ್ಕೇನೂ ಆಗಿಲ್ಲ, ಸೊನ್ನೆಯ ಜಾಗ ಬದಲಾಗಿದೆ ಅಷ್ಟೆ. ನೌಕರಿಯ ಮೊದಲ ವರ್ಷ ನಾನು ಕರಿಹಲಗೆಯ ಮೇಲೆ ಇದೇ ತಪ್ಪು ಮಾಡಿದ್ದೆ. ತಿದ್ದಿದವನು ಹಿಂದಿನ ಬೆಂಚಿನ ಹುಡುಗ.

ದಾವಣಗೆರೆಗೆ ಬಂದಾಗ ಒಂದು ಮಂಡಕ್ಕಿ ಭಟ್ಟಿಯ ಮುಂದೆ ನಿಂತು ನೋಡು. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ; ಜರಡಿ ಹಿಡಿದಾಗ ಮರಳು ಸೋರಿ ಮತ್ತೆ ಬಾಣಲೆ ಸೇರುತ್ತದೆ. ಮರಳು ಎಷ್ಟು ಕಾದಿತ್ತು ಎಂಬುದೊಂದೇ ತಿಳಿದರೆ ಅಕ್ಕಿಗೆ ಸಂದ ಶಾಖ ಗೊತ್ತಾಗದು. ಸೋರಿ ಬಂದ ಮರಳನ್ನೂ ಮುಟ್ಟಿ ನೋಡಬೇಕು. (ಬರಿಗೈಯಲ್ಲಿ ಬೇಡ.)

ಅಟ್ಲಾಂಟಿಕ್‌ನಲ್ಲೂ ಹಾಗೆಯೇ. ಮೇಲ್ಪದರದಲ್ಲಿ ಉತ್ತರಕ್ಕೆ ಹೋದ ಬೆಚ್ಚನೆಯ ನೀರು ಅಲ್ಲೇ ಗುಡ್ಡೆ ಬೀಳುವುದಿಲ್ಲ. ತಣಿದು, ಭಾರವಾಗಿ, ಮುಳುಗಿ, ಆಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ. 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಹೀಗೆ ಹೋಗಿ ಬರುವ ನೀರು ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್. ಒಂದು ಘನ ಮೀಟರ್ ನೀರು ಒಂದು ಡಿಗ್ರಿ ತಣಿದರೆ ಸುಮಾರು 40 ಲಕ್ಷ ಜೂಲ್ ಬಿಡುತ್ತದೆ. ಹೋಗುವ, ಬರುವ ನೀರಿನ ನಡುವೆ 15 ಡಿಗ್ರಿ ಅಂತರ ಹಿಡಿ; ಸೊನ್ನೆ ಎಲ್ಲಿದ್ದರೂ ಅಂತರ ಬದಲಾಗದು. ಮೂರನ್ನೂ ಗುಣಿಸಿದರೆ ಸಾವಿರ ಲಕ್ಷ ಕೋಟಿ ವ್ಯಾಟ್ ದಾಟುತ್ತದೆ. ನನ್ನದು ಬಾಯಿಲೆಕ್ಕ, ಅಳೆದವರಿಗೆ ಸಿಕ್ಕ ಸರಾಸರಿ ಸುಮಾರು 1,200 ಲಕ್ಷ ಕೋಟಿ.

ಇನ್ನು ಅಳತೆ. ಫ್ಲಾರಿಡಾ ಮತ್ತು ಬಹಾಮಾಸ್ ನಡುವಿನ ಜಲಸಂಧಿಯಲ್ಲಿ ವಿಜ್ಞಾನಿಗಳು ನೆಚ್ಚಿಕೊಂಡದ್ದು ಸಮುದ್ರದ ತಳದಲ್ಲಿದ್ದ ಟೆಲಿಫೋನ್ ಕೇಬಲ್ಲನ್ನು. ಉಪ್ಪುನೀರು ವಿದ್ಯುತ್ ವಾಹಕ. ಅದು ಭೂಮಿಯ ಕಾಂತಕ್ಷೇತ್ರದಲ್ಲಿ ಹರಿದರೆ ಕೇಬಲ್ಲಿನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ನೀನು ಓದಿದ ಫ್ಯಾರಡೆಯ ನಿಯಮವೇ! 1982ರಿಂದ ದಶಕಗಳ ಕಾಲ ಆ ವೋಲ್ಟೇಜ್ ನೋಡಿಯೇ ಹರಿವನ್ನು ಲೆಕ್ಕ ಹಾಕಿದರು. ಅಲ್ಲಿಂದ ಆಫ್ರಿಕಾದ ಕರಾವಳಿಯವರೆಗೆ ತಂತಿಗೆ ಪೋಣಿಸಿ ಲಂಗರು ಹಾಕಿದ ಉಪಕರಣಗಳು 2004ರಿಂದ ಉಷ್ಣಾಂಶ, ಲವಣಾಂಶಗಳನ್ನು ದಾಖಲಿಸುತ್ತಿವೆ. ಅವೆರಡರಿಂದ ನೀರಿನ ಸಾಂದ್ರತೆ, ಎರಡು ದಡಗಳ ಸಾಂದ್ರತೆಯ ವ್ಯತ್ಯಾಸದಿಂದ ಹರಿವು ಲೆಕ್ಕಕ್ಕೆ ಸಿಗುತ್ತದೆ.

ಅದಕ್ಕೂ ಮೊದಲು ಹಡಗೇ ಗತಿ. 1957ರಿಂದ 2004ರವರೆಗೆ ನಡೆದ ಐದು ಯಾನಗಳ ಅಳತೆಯನ್ನು ಹೋಲಿಸಿ, ಮೇಲೆ ಹೋಗಿ ಆಳದಲ್ಲಿ ಮರಳುವ ಈ ಹರಿವು ಶೇ 30ರಷ್ಟು ಕುಗ್ಗಿದೆ ಎಂದು 2005ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಗಾಬರಿ. ಎರಡು ವರ್ಷದ ನಂತರ ಲಂಗರು ಹಾಕಿದ ಉಪಕರಣಗಳ ಲೆಕ್ಕ ಬಂತು: ಒಂದೇ ವರ್ಷದೊಳಗೆ ಹರಿವು ಸೆಕೆಂಡಿಗೆ 40 ಲಕ್ಷದಿಂದ 3.5 ಕೋಟಿ ಘನ ಮೀಟರ್‌ವರೆಗೆ ಏರಿಳಿದಿತ್ತು. ಅಂದಮೇಲೆ ಐದು ಯಾನಗಳ ಅಳತೆಯೊಂದನ್ನೇ ನಂಬಿ ಹರಿವು ಕುಗ್ಗಿದೆ ಎನ್ನಲಾಗದು.